ಏಳು ಜನ ಜರ್ಸಿ ತೊಡಲಿಲ್ಲ: ನಂಬಿಕೆ, ಸಲಿಂಗಿಗಳ ಹಕ್ಕು ಮತ್ತು ತಂಡದ ಆಯ್ಕೆ

ಸಿಡ್ನಿ_ಕನ್ನಡತಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಿ. ನಿಮ್ಮ ಸಲಹೆ ನನಗೆ ನಿಜಕ್ಕೂ ಬೇಕಾಗಿದೆ.

ನನ್ನ ಮಗನಿಗೆ 14 ವರ್ಷ. ಪಶ್ಚಿಮ ಸಿಡ್ನಿಯ ಒಂದು ಸಣ್ಣ ಕ್ಲಬ್‌ನಲ್ಲಿ ರಗ್ಬಿ ಲೀಗ್ ಆಡುತ್ತಾನೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ತಂಡಕ್ಕೆ 13 ಜನ. ಚೆಂಡು ಹಿಡಿದವನು ನುಗ್ಗಬೇಕು, ಎದುರಿನವರು ಅವನನ್ನು ಹಿಡಿದು ಕೆಡವಬೇಕು. ಕಬಡ್ಡಿ ಆಡಿದವರಿಗೆ ಅದರ ರುಚಿ ಬೇಗ ಹತ್ತುತ್ತದೆ. ಮಗನ ತಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು ಪೆಸಿಫಿಕ್ ಸಾಗರದ ದ್ವೀಪಗಳಾದ ಟೊಂಗಾ, ಸಮೋವಾ ಮೂಲದ ಮನೆಯವರು. ಶನಿವಾರ ಪಂದ್ಯ, ಭಾನುವಾರ ಚರ್ಚ್. ಅರ್ಧ ಆಟ ಮುಗಿದಾಗ ಹುಡುಗರಿಗೆ ಕಿತ್ತಳೆ ಹಣ್ಣು ಕೊಯ್ದು ಕೊಡುವುದು ಅಮ್ಮಂದಿರ ಕೆಲಸ. ಮೂರು ವರ್ಷದಿಂದ ಆ ಟೊಂಗಾ ಅಮ್ಮಂದಿರ ಜೊತೆ ನಿಂತು ಕಿತ್ತಳೆ ಕೊಯ್ಯುತ್ತಿದ್ದೇನೆ. ನನ್ನ ಮಗನಿಗೆ ಭುಜ ಜಾರಿದಾಗ ಆಸ್ಪತ್ರೆಗೆ ಕಾರಿನಲ್ಲಿ ಕರೆದುಕೊಂಡು ಹೋಗಿ, ರಾತ್ರಿ ಹನ್ನೊಂದರ ತನಕ ನಮ್ಮ ಜೊತೆ ಕೂತಿದ್ದವರು ಅವರೇ.

ಕಳೆದ ವಾರ ಕ್ಲಬ್ ಸಮಿತಿಯಲ್ಲಿ ಒಂದು ಮಾತು ಬಂತು. ಒಂದು ಶನಿವಾರ ಎಲ್ಲ ಹುಡುಗರೂ ಕಾಮನಬಿಲ್ಲಿನ ಬಣ್ಣದ ಜರ್ಸಿ ತೊಟ್ಟು ಆಡಲಿ, ಸಲಿಂಗಿ ಮಕ್ಕಳಿಗೂ ಇದು ತಮ್ಮ ಕ್ಲಬ್ ಅನ್ನಿಸಲಿ ಎಂದು. ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ನಾನೂ ತಲೆಯಾಡಿಸಿದೆ. ಆದರೆ ಕೋಚ್ ಸುಮ್ಮನಾಗಿಬಿಟ್ಟರು. ಆಮೇಲೆ ಒಂದೇ ಮಾತು ಕೇಳಿದರು: "ಮ್ಯಾನ್ಲಿಯಲ್ಲಿ ಆದದ್ದು ನೆನಪಿದೆಯಾ?"

ನೆನಪಿದೆ. 2022ರ ಜುಲೈ. ಮ್ಯಾನ್ಲಿ ಸೀ ಈಗಲ್ಸ್ ಅಂದರೆ ಸಿಡ್ನಿಯ ಉತ್ತರದ ಕಡಲ ದಂಡೆಯ ತಂಡ. ಜರ್ಸಿ ಕಡುಗೆಂಪು, ಬಿಳಿ. ರೂಸ್ಟರ್ಸ್ ವಿರುದ್ಧದ ಪಂದ್ಯಕ್ಕೆ ಬಿಳಿ ಪಟ್ಟಿಗಳ ಜಾಗದಲ್ಲಿ ಕಾಮನಬಿಲ್ಲಿನ ಪಟ್ಟಿಗಳನ್ನು ಹಾಕಿಸಿದರು. 'ಲೀಗ್‌ನಲ್ಲಿ ಎಲ್ಲರೂ' ಎಂಬುದು ಅದರ ಆಶಯ. ಫೋಟೋ ತೆಗೆದರು, ಜರ್ಸಿ ಮಾರಾಟಕ್ಕೂ ಬಂತು. ಆಡುವವರನ್ನು ಮಾತ್ರ ಮೊದಲೇ ಕೂರಿಸಿ ಕೇಳಿರಲಿಲ್ಲ. ಏಳು ಆಟಗಾರರು ನಮ್ಮ ಧರ್ಮ, ನಮ್ಮ ಸಂಸ್ಕೃತಿ ಇದಕ್ಕೆ ಒಪ್ಪುವುದಿಲ್ಲ ಎಂದರು. ಜರ್ಸಿ ಬದಲಾಗಲಿಲ್ಲ. ಜುಲೈ 28ರ ಗುರುವಾರ ರಾತ್ರಿ ಆ ಏಳು ಜನರಿಲ್ಲದೆ ತಂಡ ಕಣಕ್ಕಿಳಿಯಿತು. 20-10ರಿಂದ ಸೋತಿತು. ಎರಡೂ ತಂಡ ಮೊದಲ ಎಂಟರೊಳಗೆ, ಅಂದರೆ ಫೈನಲ್ಸ್ ಸುತ್ತಿಗೆ, ಬರಲು ಒದ್ದಾಡುತ್ತಿದ್ದ ಹೊತ್ತು ಅದು. ಆ ಸೀಸನ್‌ನಲ್ಲಿ ಮ್ಯಾನ್ಲಿ ಮತ್ತೆ ಒಂದೂ ಪಂದ್ಯ ಗೆಲ್ಲಲಿಲ್ಲ. ಅಕ್ಟೋಬರ್ ಹೊತ್ತಿಗೆ ಕೋಚ್ ಡೆಸ್ ಹ್ಯಾಸ್ಲರ್ ಕೆಲಸವೂ ಹೋಯಿತು.

ಪಂದ್ಯಕ್ಕೆ ಎರಡು ದಿನ ಮೊದಲು ಹ್ಯಾಸ್ಲರ್ ಪತ್ರಕರ್ತರ ಮುಂದೆ ಕೂತು ಕ್ಷಮೆ ಕೇಳಿದರು. ಆಟಗಾರರ ಹತ್ತಿರವೂ ಕೇಳಿದರು, ಸಲಿಂಗಿ ಸಮುದಾಯದ ಹತ್ತಿರವೂ ಕೇಳಿದರು. ಪಕ್ಕದಲ್ಲಿ ಕ್ಯಾಪ್ಟನ್ ಡಾಲಿ ಚೆರ್ರಿ-ಎವನ್ಸ್. ನಾನು ಅದನ್ನು ಟಿವಿಯಲ್ಲಿ ನೋಡಿದೆ. ತಪ್ಪು ಕ್ಲಬ್‌ನದು, ಉತ್ತರ ಕೊಡಬೇಕಾಗಿ ಬಂದದ್ದು ಕೋಚ್ ಮತ್ತು ಕ್ಯಾಪ್ಟನ್.

ನನ್ನ ಪ್ರಶ್ನೆ ಇಷ್ಟು. ಒಬ್ಬ ಆಟಗಾರನ ನಂಬಿಕೆ ತಂಡದ ಆಯ್ಕೆಯಲ್ಲಿ ಎಷ್ಟು ಲೆಕ್ಕಕ್ಕೆ ಬರಬೇಕು? ನಮ್ಮ ಹುಡುಗರ ಕ್ಲಬ್‌ನಲ್ಲಿ ನಾವೇನು ಮಾಡಬೇಕು? ಮುಂದಿನ ಗುರುವಾರ ಸಮಿತಿ ಮತ್ತೆ ಸೇರುತ್ತದೆ.

ಎಡಗೈ_ಸ್ಪಿನ್

ಅಕ್ಕ, ಕ್ರಿಕೆಟ್‌ನಿಂದ ಒಂದು ಉದಾಹರಣೆ ಕೊಡುತ್ತೇನೆ. ಹಾಶಿಮ್ ಆಮ್ಲಾ ದಕ್ಷಿಣ ಆಫ್ರಿಕಾಗೆ ಆಡುವಾಗ ಅವರ ಜರ್ಸಿಯ ಮೇಲೆ ಬಿಯರ್ ಕಂಪನಿಯ ಲೋಗೋ ಇರುತ್ತಿರಲಿಲ್ಲ. 2013ರಲ್ಲಿ ಫವಾದ್ ಅಹ್ಮದ್ ಆಸ್ಟ್ರೇಲಿಯಾ ತಂಡಕ್ಕೆ ಬಂದಾಗಲೂ ಹೀಗೇ ಬಿಟ್ಟರು. ರಗ್ಬಿಯಲ್ಲಿ ಸನ್ನಿ ಬಿಲ್ ವಿಲಿಯಮ್ಸ್ 2017ರಲ್ಲಿ ಕಾಲರ್ ಮೇಲಿದ್ದ ಬ್ಯಾಂಕ್ ಲೋಗೋಗೆ ಟೇಪ್ ಅಂಟಿಸಿಕೊಂಡು ಆಡಿದರು, ಬಡ್ಡಿ ವ್ಯವಹಾರ ತನ್ನ ಧರ್ಮಕ್ಕೆ ಸರಿಬರುವುದಿಲ್ಲ ಎಂದು. ಅವರಿಗೂ ಆಮೇಲೆ ವಿನಾಯಿತಿ ಸಿಕ್ಕಿತು. ಬಿಯರ್‌ಗೆ ಒಂದು ನ್ಯಾಯ, ಕಾಮನಬಿಲ್ಲಿಗೆ ಇನ್ನೊಂದು ನ್ಯಾಯ ಯಾಕೆ? ಆ ಏಳು ಜನಕ್ಕೆ ಸಾದಾ ಜರ್ಸಿ ಕೊಟ್ಟು ಆಡಿಸಿದ್ದರೆ ಮುಗಿಯುತ್ತಿತ್ತಲ್ವಾ?

ಕೊಡಗಿನ_ಗೋಲ್‌ಕೀಪರ್

@ಎಡಗೈ_ಸ್ಪಿನ್ ಬಿಯರ್ ಬಾಟಲಿಗೆ ನೋವಾಗುವುದಿಲ್ಲ. ಬ್ಯಾಂಕಿಗೂ ಆಗುವುದಿಲ್ಲ. ವ್ಯತ್ಯಾಸ ಅಲ್ಲಿದೆ.

ಎಡಗೈ_ಸ್ಪಿನ್

@ಕೊಡಗಿನ_ಗೋಲ್‌ಕೀಪರ್ ಸರ್, ಇದನ್ನು ನಾನು ಯೋಚಿಸಿರಲಿಲ್ಲ. ಒಪ್ಪಿದೆ. ಆದರೂ ಜರ್ಸಿ ತೊಡದೇ ಇರುವುದು ಮತ್ತು ಒಬ್ಬರನ್ನು ನೋಯಿಸುವುದು ಎರಡೂ ಒಂದೇನಾ? ಅದನ್ನೂ ಹೇಳಿ.

ಕಾನೂನು_ಕಟ್ಟೆ

ಆಸ್ಟ್ರೇಲಿಯಾದ್ದೇ ಇನ್ನೊಂದು ಕೇಸ್ ಇದೆ. ಅದನ್ನು ಇದರ ಪಕ್ಕ ಇಟ್ಟು ನೋಡಿದರೆ ಎಡಗೈ ಸ್ಪಿನ್ ಕೇಳಿದ ವ್ಯತ್ಯಾಸ ತಾನಾಗಿ ಕಾಣುತ್ತದೆ. ಇಸ್ರೇಲ್ ಫೊಲಾವ್. ಟೊಂಗಾ ಮೂಲದ ಆಟಗಾರ, ರಗ್ಬಿ ಯೂನಿಯನ್‌ನಲ್ಲಿ (ತಂಡಕ್ಕೆ 15 ಜನರ ರಗ್ಬಿ) ಆಸ್ಟ್ರೇಲಿಯಾ ಪರ 73 ಟೆಸ್ಟ್, 37 ಟ್ರೈ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ. 2019ರ ಏಪ್ರಿಲ್‌ನಲ್ಲಿ ಸೂಪರ್ ರಗ್ಬಿ ಎಂಬ ಲೀಗ್‌ನಲ್ಲಿ ಅತಿ ಹೆಚ್ಚು ಟ್ರೈ ಗಳಿಸಿದ ದಾಖಲೆ ಮಾಡಿದರು. ಅದೇ ತಿಂಗಳು ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಸ್ಟ್ ಹಾಕಿದರು. ಕುಡುಕರು, ಸಲಿಂಗಿಗಳು, ವ್ಯಭಿಚಾರಿಗಳು, ಸುಳ್ಳರು, ಕಳ್ಳರು, ನಾಸ್ತಿಕರು, ವಿಗ್ರಹಾರಾಧಕರು, ಇವರಿಗೆಲ್ಲ ನರಕ ಕಾದಿದೆ, ಪಶ್ಚಾತ್ತಾಪ ಪಡಿ ಎಂಬ ಅರ್ಥದ್ದು.

ಒಂದು ವರ್ಷ ಮೊದಲು, 2018ರಲ್ಲಿ, ಸಲಿಂಗಿಗಳ ಬಗ್ಗೆ ಇದೇ ತರಹದ ಮಾತು ಹೇಳಿದ್ದಾಗ ಅಲ್ಲಿನ ಆಡಳಿತ ಸಂಸ್ಥೆ ರಗ್ಬಿ ಆಸ್ಟ್ರೇಲಿಯಾ ಅವರ ಜೊತೆ ಮಾತಾಡಿ ಬಿಟ್ಟಿತ್ತು. ಈ ಸಲ ಬಿಡಲಿಲ್ಲ. ಮೇ ತಿಂಗಳಲ್ಲಿ ಮೂರು ಜನರ ಸಮಿತಿ ಮೂರು ದಿನ ವಿಚಾರಣೆ ಮಾಡಿತು. ನಡವಳಿಕೆ ನಿಯಮದ ದೊಡ್ಡ ಮಟ್ಟದ ಉಲ್ಲಂಘನೆ ಎಂದು ಹೇಳಿತು. ನಾಲ್ಕು ವರ್ಷದ ಒಪ್ಪಂದ, ಸುಮಾರು 40 ಲಕ್ಷ ಆಸ್ಟ್ರೇಲಿಯನ್ ಡಾಲರಿನದು, ರದ್ದಾಯಿತು. ಫೊಲಾವ್ ಕೋರ್ಟಿಗೆ ಹೋದರು. ಧರ್ಮದ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಬಾರದು ಎಂದು ಅಲ್ಲಿನ ಕಾರ್ಮಿಕ ಕಾನೂನಿನಲ್ಲಿ ಒಂದು ಸೆಕ್ಷನ್ ಇದೆ, ಅದನ್ನೇ ಹಿಡಿದರು. ಬೆಂಬಲಿಗರು 20 ಲಕ್ಷ ಡಾಲರಿಗಿಂತ ಜಾಸ್ತಿ ಚಂದಾ ಕೊಟ್ಟರು. ಕೊನೆಗೆ 2019ರ ಡಿಸೆಂಬರ್‌ನಲ್ಲಿ ರಾಜಿ ಆಯಿತು. ಎಷ್ಟು ಹಣ ಕೊಟ್ಟರು ಎಂಬುದು ಗುಟ್ಟಾಗಿಯೇ ಉಳಿಯಿತು.

ನಮ್ಮಂಥ ವಕೀಲರಿಗೆ ಬೇಜಾರಾಗುವುದು ಇಲ್ಲೇ. ರಾಜಿ ಆದ್ದರಿಂದ ತೀರ್ಪೇ ಬರಲಿಲ್ಲ. ನಂಬಿಕೆಯನ್ನು ಹೇಳಿಕೊಳ್ಳುವ ಹಕ್ಕು ಎಲ್ಲಿ ನಿಲ್ಲುತ್ತದೆ, ಒಪ್ಪಂದದ ನಿಯಮ ಎಲ್ಲಿಂದ ಶುರುವಾಗುತ್ತದೆ ಎಂದು ಒಬ್ಬ ನ್ಯಾಯಾಧೀಶರು ಬರೆದಿದ್ದರೆ 2022ರಲ್ಲಿ ಮ್ಯಾನ್ಲಿಗೂ ಒಂದು ದಾರಿ ಕಾಣುತ್ತಿತ್ತು.

ಇನ್ನೊಂದು ಮಾತು. ಒಪ್ಪಂದ ರದ್ದಾಗುವ ಮೊದಲೇ, ಈಗ ಇರುವ ಸ್ಥಿತಿಯಲ್ಲಿ ಅವರನ್ನು ತಂಡಕ್ಕೆ ಆರಿಸುವುದಿಲ್ಲ ಎಂದು ಆಸ್ಟ್ರೇಲಿಯಾ ತಂಡದ ಕೋಚ್ ಮೈಕೆಲ್ ಚೀಕಾ ಹೇಳಿದ್ದರು. ಅದು ಆಯ್ಕೆಯ ಮಾತು. ಕಾನೂನಿನವರು ಆಮೇಲೆ ಬಂದರು.

ಎಡಗೈ_ಸ್ಪಿನ್

ಒಂದು ನಿಮಿಷ. ಆ ಪಟ್ಟಿಯಲ್ಲಿ ವಿಗ್ರಹಾರಾಧಕರೂ ಇದ್ದಾರಲ್ಲ. ಅಂದರೆ ನಾವು. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವ ನನ್ನ ಅಮ್ಮ. ಆ ವರ್ಷ ನಾನು ಈ ಸುದ್ದಿ ಓದಿ "ಪಾಪ, ತನ್ನ ಧರ್ಮ ಹೇಳಿದ್ದಕ್ಕೆ ಕೆಲಸ ಹೋಯಿತು" ಅಂದುಕೊಂಡಿದ್ದೆ. ಆ ಪದ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗ ಬಿದ್ದ ಮೇಲೆ ಹೊಟ್ಟೆಯಲ್ಲಿ ಏನೋ ಒಂಥರಾ ಆಗುತ್ತಿದೆ.

ಕುಡ್ಲದ_ಕಡಲು

ನಾನು ಮಂಗಳೂರಿನ ಕ್ಯಾಥೊಲಿಕ್. ಇಲ್ಲಿ ಸ್ವಲ್ಪ ನಮ್ಮ ಕಡೆಯಿಂದಲೂ ಮಾತಾಡಬೇಕು ಅನ್ನಿಸಿತು. ಕೋಪ ಮಾಡಿಕೊಳ್ಳಬೇಡಿ.

ಆ ಸಾಲುಗಳು ಬೈಬಲ್‌ನಲ್ಲಿ ಇವೆ. ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಬರುವ ಮಾತು. ಭಾನುವಾರ ಚರ್ಚಿಗೆ ಹೋಗುವ ಕೋಟ್ಯಂತರ ಜನ ಅದನ್ನು ಕೇಳಿದ್ದಾರೆ. ಕೇಳಿಯೂ ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಭಟ್ಟರಿಗೆ ಕುಸ್ವಾರ್ ತಿಂಡಿ ಕಳಿಸುತ್ತಾರೆ, ಚೌತಿಗೆ ಅವರ ಮನೆಯ ಕಡುಬು ತಿನ್ನುತ್ತಾರೆ. ಪುಸ್ತಕದಲ್ಲಿ ಇರುವುದನ್ನು ನಂಬುವುದು ಬೇರೆ, ಲಕ್ಷಾಂತರ ಜನ ನೋಡುವ ಜಾಗದಲ್ಲಿ ಗೋಡೆಗೆ ಅಂಟಿಸುವುದು ಬೇರೆ. ಫೊಲಾವ್ ಮಾಡಿದ್ದು ಎರಡನೆಯದು. ನನ್ನ ಮಟ್ಟಿಗೆ ಅದು ತಪ್ಪು.

ಆದರೆ ಮ್ಯಾನ್ಲಿಯ ಏಳು ಹುಡುಗರು ಯಾರನ್ನೂ ಬೈಯಲಿಲ್ಲ. ನನ್ನ ಮೈ ಮೇಲೆ ಇದನ್ನು ಹಾಕಬೇಡಿ ಎಂದರು ಅಷ್ಟೇ. ಟೊಂಗಾದ ಸಂವಿಧಾನದಲ್ಲೇ ಭಾನುವಾರ ಪವಿತ್ರ ದಿನ ಎಂದು ಬರೆದಿದ್ದಾರೆ, 1875ರಿಂದ. ಆ ದಿನ ಅಲ್ಲಿ ಆಟ ಕೂಡ ಆಡುವ ಹಾಗಿಲ್ಲ. ಅಂಥ ಮನೆಗಳಿಂದ ಬಂದವರು ಇವರಲ್ಲಿ ಹಲವರು. ಪಾದ್ರಿ, ಅಜ್ಜಿ, ಚಿಕ್ಕಪ್ಪ, ಚರ್ಚ್‌ನ ಕೊಯರ್, ಎಲ್ಲ ಒಂದೇ ಬದುಕು. ಟಿವಿಯಲ್ಲಿ ಆ ಜರ್ಸಿಯಲ್ಲಿ ಕಂಡರೆ ಮನೆಯಲ್ಲಿ ಏನು ಉತ್ತರ ಕೊಡಬೇಕು ಎಂಬ ಯೋಚನೆ ಇಪ್ಪತ್ತು, ಇಪ್ಪತ್ತೆರಡು ವರ್ಷದ ಹುಡುಗನಿಗೆ ಬರುವುದಿಲ್ಲವಾ? ಮ್ಯಾನ್ಲಿ ಆಡುವ ರಗ್ಬಿ ಲೀಗ್ ಪಂದ್ಯಾವಳಿ ಎನ್‌ಆರ್‌ಎಲ್‌ನ ಸುಮಾರು ಅರ್ಧದಷ್ಟು ಆಟಗಾರರು ಪೆಸಿಫಿಕ್ ಮೂಲದವರು. ಅವರ ಬೆವರು ಬೇಕು, ಅವರನ್ನು ಒಂದು ಮಾತು ಕೇಳುವುದು ಬೇಡ ಅಂದರೆ ಹೇಗೆ?

ಸಿಡ್ನಿ_ಕನ್ನಡತಿ

@ಕುಡ್ಲದ_ಕಡಲು ನೀವು ಹೇಳಿದ್ದು ಸರಿ, ಇಲ್ಲಿ ನಾನು ದಿನಾ ನೋಡುವುದೂ ಅದೇ. ಅದರ ಜೊತೆ ಒಂದು ಮಾತು ಸೇರಿಸುತ್ತೇನೆ. ಎನ್‌ಆರ್‌ಎಲ್ ಭಾನುವಾರವೂ ನಡೆಯುತ್ತದೆ, ಟೊಂಗಾ ಹುಡುಗರು ಆಡುತ್ತಾರೆ. ಮ್ಯಾನ್ಲಿ ಜರ್ಸಿಯ ಮೇಲೆ ಬೆಟ್ಟಿಂಗ್ ಕಂಪನಿಯ ಹೆಸರಿತ್ತು. ಮೈದಾನಕ್ಕೆ ಬಿಯರ್ ಕಂಪನಿಯ ಹೆಸರಿತ್ತು. ಅದಕ್ಕೆಲ್ಲ ಹೊಂದಿಕೊಂಡ ನಂಬಿಕೆ ಇದೊಂದಕ್ಕೆ ಮಾತ್ರ ಗಟ್ಟಿಯಾಗಿ ನಿಂತಿತು. ಸಲಿಂಗಿಯಾದ ಒಬ್ಬ ಹುಡುಗ ಇದನ್ನು ನೋಡಿದರೆ ಅವನಿಗೆ ಏನು ಅನ್ನಿಸಬೇಕು?

ಇನ್ನೊಂದು. ಟೊಂಗಾದಲ್ಲಿ ಲೇಯ್ಟಿ, ಸಮೋವಾದಲ್ಲಿ ಫಾಫಫೀನೆ ಎಂದು ಕರೆಯುವವರು ಇದ್ದಾರೆ. ಹುಟ್ಟಿನಿಂದ ಗಂಡು, ಬಾಳುವುದು ಹೆಣ್ಣಿನ ಹಾಗೆ. ಮನೆಯವರ ನಡುವೆಯೇ ಇರುತ್ತಾರೆ. ನನ್ನ ಜೊತೆ ಕಿತ್ತಳೆ ಕೊಯ್ಯುವ ಅಮ್ಮನೇ ಒಮ್ಮೆ ತನ್ನ ಸೋದರ ಸಂಬಂಧಿಯೊಬ್ಬರ ಬಗ್ಗೆ ಹೇಳಿದ್ದರು, ಚರ್ಚ್‌ನಲ್ಲಿ ಹೂವಿನ ಅಲಂಕಾರ ಪೂರ್ತಿ ಅವರದೇ ಅಂತೆ. ಹಾಗಾಗಿ "ಅವರ ಸಂಸ್ಕೃತಿಯೇ ಹಾಗೆ" ಎಂದು ಒಂದೇ ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಆಸ್ಟಿನ್‌ಟೌನ್_ಹುಡುಗಿ

ನಾನು ಫುಟ್‌ಬಾಲ್ ಆಡುವವಳು. ಆಯ್ಕೆಯ ವಿಷಯಕ್ಕೆ ಬಂದರೆ ನನಗೆ ನೆನಪಾಗುವುದು ಅಮೆರಿಕದ ಜೇಲೀನ್ ಹಿಂಕಲ್. ಎಡಗಡೆಯ ಡಿಫೆಂಡರ್, ನಾರ್ತ್ ಕ್ಯಾರೊಲೈನಾ ಕರೇಜ್ ಕ್ಲಬ್. 2017ರ ಜೂನ್‌ನಲ್ಲಿ ಸ್ವೀಡನ್, ನಾರ್ವೆ ವಿರುದ್ಧದ ಪಂದ್ಯಗಳಿಗೆ ರಾಷ್ಟ್ರೀಯ ತಂಡದ ಕರೆ ಬಂತು. ಜರ್ಸಿಯ ನಂಬರ್ ಕಾಮನಬಿಲ್ಲಿನ ಬಣ್ಣದಲ್ಲಿ ಇರುತ್ತದೆ ಎಂದು ಗೊತ್ತಾಯಿತು. ವೈಯಕ್ತಿಕ ಕಾರಣ ಎಂದು ಹೇಳಿ ಹಿಂದೆ ಸರಿದರು. ಒಂದು ವರ್ಷ ಕಳೆದ ಮೇಲೆ ಒಂದು ಕ್ರೈಸ್ತ ಟಿವಿ ಕಾರ್ಯಕ್ರಮದಲ್ಲಿ ನಿಜವಾದ ಕಾರಣ ನನ್ನ ನಂಬಿಕೆ ಎಂದರು.

2018ರ ಬೇಸಿಗೆಯಲ್ಲಿ ಕೋಚ್ ಜಿಲ್ ಎಲ್ಲಿಸ್ ಅವರನ್ನು ಮತ್ತೆ ಶಿಬಿರಕ್ಕೆ ಕರೆದರು. ಎಲ್ಲಿಸ್ ಸ್ವತಃ ಹೆಣ್ಣನ್ನೇ ಮದುವೆಯಾದವರು. ಕರೆದದ್ದು ಅವರ ದೊಡ್ಡತನ ಎಂದು ನಾನು ಈಗಲೂ ನಂಬುತ್ತೇನೆ. ಕೆಲವೇ ದಿನದಲ್ಲಿ ಕೈಬಿಟ್ಟರು. ಕಾರಣ ಬರೀ ಆಟ ಎಂದರು. 2019ರ ವಿಶ್ವಕಪ್‌ಗೂ ಹಿಂಕಲ್ ಇರಲಿಲ್ಲ. ಎಡಗಡೆ ಆಡಿದ್ದು ಕ್ರಿಸ್ಟಲ್ ಡನ್, ಕ್ಲಬ್‌ನಲ್ಲಿ ಮುಂದೆ ಆಡುವವರು. ಅಮೆರಿಕ ಫೈನಲ್‌ನಲ್ಲಿ ನೆದರ್ಲೆಂಡ್ಸ್ ಅನ್ನು 2-0ರಿಂದ ಸೋಲಿಸಿ ಕಪ್ ಗೆದ್ದಿತು.

ಎರಡು ಗುಂಪು ಇವತ್ತಿಗೂ ಜಗಳ ಆಡುತ್ತವೆ. ನಂಬಿಕೆಗೆ ತೆಗೆದರು ಎಂದು ಒಂದು, ಆಟಕ್ಕೆ ತೆಗೆದರು ಎಂದು ಇನ್ನೊಂದು. ಆಡುವವಳಾಗಿ ನನಗೆ ಕಾಣುವುದು ಬೇರೆ. ಆ ತಂಡದಲ್ಲಿ ಮೇಗನ್ ರಪಿನೊ, ಆಶ್ಲಿನ್ ಹ್ಯಾರಿಸ್ ತರಹ ಸಲಿಂಗಿಗಳು ಎಂದು ಹೇಳಿಕೊಂಡವರು ಹಲವರು ಇದ್ದರು. ಎಡಗಡೆ ಆಡುವವಳು ಗೋಲ್‌ಕೀಪರ್ ಜೊತೆ ತೊಂಬತ್ತು ನಿಮಿಷ ಕೂಗಿ ಕೂಗಿ ಮಾತಾಡಬೇಕು. ಅವಳನ್ನು ನಂಬಿ ಬೆನ್ನು ತಿರುಗಿಸಬೇಕು. "ನಿನ್ನ ಹೆಸರಿನ ಬಣ್ಣ ನನ್ನ ಮೈಮೇಲೆ ಬೇಡ" ಎಂದವಳ ಜೊತೆ ಅದು ಆಗುತ್ತದಾ? ಆಗಲೂಬಹುದು. ಕ್ಲಬ್‌ನಲ್ಲಿ ಆಗುತ್ತಿತ್ತು. ಆದರೆ ಕೋಚ್ ಅದನ್ನೂ ತೂಗಿ ನೋಡಿದರೆ ಅದು ಆಟದ ಲೆಕ್ಕವೇ. ತಂಡದ ಹೊಂದಾಣಿಕೆ ಆಟದ ಹೊರಗಿನ ವಿಷಯ ಅಲ್ಲ.

ಕುಡ್ಲದ_ಕಡಲು

@ಆಸ್ಟಿನ್‌ಟೌನ್_ಹುಡುಗಿ ಇಲ್ಲಿ ನನಗೆ ಭಯ ಇದೆ ತಂಗಿ. "ಹೊಂದಾಣಿಕೆ" ಎಂಬ ಪದದ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು. ನಮ್ಮಲ್ಲಿ ಒಬ್ಬನನ್ನು ಜಾತಿಗೆ ಕೈಬಿಡುವವರೂ ಇದೇ ಪದ ಹೇಳುತ್ತಾರೆ. ನಿನ್ನ ಸಲಿಂಗಿ ಗೆಳತಿಯನ್ನು ತಂಡದಿಂದ ತೆಗೆಯುವವನೂ ಇದೇ ಹೇಳುತ್ತಾನೆ: ಉಳಿದವರಿಗೆ ಹೊಂದಾಣಿಕೆ ಆಗುವುದಿಲ್ಲ ಎಂದು.

ಆಸ್ಟಿನ್‌ಟೌನ್_ಹುಡುಗಿ

ಹೌದು ಸರ್. ಅದು ಆಗಿದೆ. ನನ್ನ ಕಣ್ಣ ಮುಂದೆ ಆಗಿದೆ. ನಿಮ್ಮ ಮಾತು ಒಪ್ಪುತ್ತೇನೆ. ಹಾಗಾದರೆ ಕೋಚ್ ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ಆಟಗಾರ್ತಿಯ ಮುಖ ನೋಡಿ ಹೇಳಬೇಕು. ಪಟ್ಟಿ ಅಂಟಿಸಿ ಹೋಗಿಬಿಡುವುದಲ್ಲ.

ಟೊರೊಂಟೊ_ರಾಯಚೂರು

ಇಲ್ಲಿ ಐಸ್ ಹಾಕಿಯಲ್ಲಿ ಆದದ್ದು ಚಿಕ್ಕದಾಗಿ ಹೇಳುತ್ತೇನೆ. 2023ರ ಜನವರಿಯಲ್ಲಿ ಫಿಲಡೆಲ್ಫಿಯಾ ಫ್ಲೈಯರ್ಸ್‌ನ ಇವಾನ್ ಪ್ರೊವೊರೊವ್ ರಷ್ಯನ್ ಆರ್ಥಡಾಕ್ಸ್ ನಂಬಿಕೆಯ ಕಾರಣ ಹೇಳಿ, ವಾರ್ಮ್ ಅಪ್‌ಗೆ ಕಾಮನಬಿಲ್ಲಿನ ಜರ್ಸಿ ತೊಡಲಿಲ್ಲ. ಪಂದ್ಯ ಮಾತ್ರ ಆಡಿದರು, ಕೋಚ್ ಆಡಿಸಿದರು. ಬೇರೆ ಕೆಲವು ಆಟಗಾರರೂ ಹಿಂದೆ ಸರಿದರು. ಜೂನ್‌ನಲ್ಲಿ ಲೀಗ್ ಏನು ಮಾಡಿತು ಗೊತ್ತಾ? ವಾರ್ಮ್ ಅಪ್‌ಗೆ ಯಾವ ವಿಶೇಷ ಜರ್ಸಿಯೂ ಬೇಡ ಎಂದುಬಿಟ್ಟಿತು. ಕ್ಯಾನ್ಸರ್ ಜಾಗೃತಿಯ ಜರ್ಸಿ, ಸೈನಿಕರ ಗೌರವದ ಜರ್ಸಿ, ಎಲ್ಲ ಹೋಯಿತು. ಆಮೇಲೆ ಕೋಲಿಗೆ ಸುತ್ತುವ ಕಾಮನಬಿಲ್ಲಿನ ಟೇಪ್ ಕೂಡ ಬೇಡ ಎಂದರು. ಅರಿಜೋನಾದ ಟ್ರಾವಿಸ್ ಡರ್ಮಟ್ ಎಂಬ ಆಟಗಾರ ಆದದ್ದಾಗಲಿ ಎಂದು ಸುತ್ತಿಕೊಂಡೇ ಆಡಿದರು. ಕೆಲವೇ ದಿನದಲ್ಲಿ ಟೇಪ್ ಮೇಲಿನ ನಿಷೇಧವನ್ನು ಲೀಗ್ ವಾಪಸ್ ತೆಗೆದುಕೊಂಡಿತು. ಈಗ ಬೇಕಾದವರು ಸುತ್ತಿಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಅಕ್ಕ, ನಿಮ್ಮ ಕ್ಲಬ್‌ಗೆ ಇದರಲ್ಲಿ ಒಂದು ದಾರಿ ಇರಬಹುದು.

ಪಿಟಿ_ಮೇಷ್ಟ್ರು_ಹಾಸನ

ನಾನು ನಿವೃತ್ತ ದೈಹಿಕ ಶಿಕ್ಷಕ. ಮೂವತ್ತು ವರ್ಷ ತಾಲ್ಲೂಕು, ಜಿಲ್ಲಾ ಮಟ್ಟಕ್ಕೆ ವಾಲಿಬಾಲ್ ತಂಡ ಆರಿಸಿದ್ದೇನೆ. ರಗ್ಬಿ ನನಗೆ ಗೊತ್ತಿಲ್ಲ. ಹುಡುಗರು ಗೊತ್ತು.

ಡಿಸೆಂಬರ್ ಬಂತೆಂದರೆ ನಮ್ಮಲ್ಲಿ ಒಬ್ಬಿಬ್ಬರು ಅಯ್ಯಪ್ಪ ಮಾಲೆ ಹಾಕುತ್ತಾರೆ. ಕಪ್ಪು ಬಟ್ಟೆ, ಬರಿಗಾಲು, ಬೆಳಿಗ್ಗೆ ಸಂಜೆ ತಣ್ಣೀರ ಸ್ನಾನ. ಒಂದು ವರ್ಷ ನನ್ನ ಒಳ್ಳೆಯ ಸ್ಮ್ಯಾಷರ್ ಮಾಲೆ ಹಾಕಿದ್ದ. ಪಂದ್ಯಾವಳಿ ಸಿಮೆಂಟ್ ಅಂಗಳದಲ್ಲಿ, ಶೂ ಕಡ್ಡಾಯ. ಅವನು ಶೂ ತೊಡುವುದಿಲ್ಲ ಎಂದ. ನಾನು ಬಲವಂತ ಮಾಡಲಿಲ್ಲ, ಬೈಯಲಿಲ್ಲ. "ಈ ಸಲ ನಿನ್ನ ಜಾಗಕ್ಕೆ ಬೇರೆಯವನು ಆಡುತ್ತಾನೆ. ಮಾಲೆ ಬಿಚ್ಚಿದ ಮೇಲೆ ಬಾ, ನಿನ್ನ ನಂಬರ್ ಹಾಗೇ ಇರುತ್ತದೆ" ಎಂದೆ. ಸೋತೆವು. ಅವನಿಗೂ ಬೇಜಾರಾಯಿತು. ಆದರೆ ಅವನ ವ್ರತದ ಬೆಲೆಯನ್ನು ಅವನೂ ತೆತ್ತ, ನಾವೂ ತೆತ್ತೆವು, ಬೇರೆ ಯಾರಿಗೂ ಅವಮಾನ ಆಗಲಿಲ್ಲ. ನ್ಯೂಜಿಲೆಂಡ್‌ನ ಮೈಕೆಲ್ ಜೋನ್ಸ್ ಎಂಬ ರಗ್ಬಿ ಆಟಗಾರ ಭಾನುವಾರ ಆಡುತ್ತಿರಲಿಲ್ಲವಂತೆ. ಅದಕ್ಕೇ 1991ರ ವಿಶ್ವಕಪ್ ಸೆಮಿಫೈನಲ್ ಬಿಟ್ಟರು, 1995ರ ವಿಶ್ವಕಪ್‌ಗೆ ಅವರನ್ನು ಆರಿಸಲೇ ಇಲ್ಲ. ನನ್ನ ಅಳಿಯ ಹೇಳಿದ. ಅಂಥವರ ಬಗ್ಗೆ ನನಗೆ ಗೌರವ ಇದೆ.

ಈಗ ಇನ್ನೊಂದು ಹೇಳುತ್ತೇನೆ. ಇದನ್ನು ಇಲ್ಲಿಯ ತನಕ ಯಾರಿಗೂ ಹೇಳಿಲ್ಲ. ಒಬ್ಬ ಹುಡುಗ ಇದ್ದ. ಸೆಟ್ಟರ್. ಬೆರಳ ತುದಿಯಲ್ಲಿ ಚೆಂಡನ್ನು ಹೂವಿನ ಹಾಗೆ ಎತ್ತುತ್ತಿದ್ದ. ನಡೆ, ಮಾತು ಸ್ವಲ್ಪ ನಾಜೂಕು. ಉಳಿದವರು ಅವನನ್ನು "ಹೆಣ್ಣಿಗ" ಎಂದು ಕರೆಯುತ್ತಿದ್ದರು. ಜಿಲ್ಲಾ ಶಿಬಿರದಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿ ಮಲಗುವುದಿಲ್ಲ ಎಂದು ಇಬ್ಬರು ಹಟ ಹಿಡಿದರು. ಅವರಿಬ್ಬರೂ ಎತ್ತರದ ಆಟಗಾರರು, ನನಗೆ ಬೇಕಾದವರು. ನಾನು ಅವನ ಚಾಪೆಯನ್ನು ವರಾಂಡಕ್ಕೆ ಹಾಕಿಸಿದೆ. "ಅಡ್ಜಸ್ಟ್ ಮಾಡಿಕೋ ಮರಿ" ಎಂದೆ. ಬೆಳಿಗ್ಗೆ ಎದ್ದು ನೋಡಿದರೆ ಚಾಪೆ ಮಡಿಸಿ ಗೋಡೆಗೆ ಒರಗಿಸಿಟ್ಟಿದ್ದ, ಅವನು ಇರಲಿಲ್ಲ. ಮತ್ತೆ ಯಾವತ್ತೂ ಆಡಲಿಲ್ಲ.

ಅವತ್ತು ತಂಡದ ಆಯ್ಕೆ ಮಾಡಿದ್ದು ನಾನಲ್ಲ, ಆ ಇಬ್ಬರ ಬಾಯಿ. ನಾನು ಸುಮ್ಮನಿದ್ದೆ.

ಅಮ್ಮಾ, ಜರ್ಸಿ ತೊಡುವುದು ಬಿಡುವುದು ಆ ಹುಡುಗರಿಗೆ ಬಿಡಿ. ಬಾಯಿಯ ವಿಷಯದಲ್ಲಿ ಮಾತ್ರ ಗಟ್ಟಿ ನಿಲ್ಲಿ. ಯಾವ ಧರ್ಮದವನಾದರೂ ಸರಿ, ಇನ್ನೊಬ್ಬ ಹುಡುಗನನ್ನು ಆ ಪದದಿಂದ ಕರೆದರೆ ಅವತ್ತು ಅವನು ಆಡಬಾರದು.

ಎಡಗೈ_ಸ್ಪಿನ್

ಮೇಷ್ಟ್ರೇ, ನಿಮಗೆ ನಮಸ್ಕಾರ. ಇದನ್ನು ಬರೆಯುವುದು ಸುಲಭ ಆಗಿರಲಿಕ್ಕಿಲ್ಲ.

ಕೊಡಗಿನ_ಗೋಲ್‌ಕೀಪರ್

ಮೇಷ್ಟ್ರೇ, ನಾನು ಆ ಹುಡುಗ ಅಲ್ಲ. ಆದರೆ ನನಗೂ ಒಂದು ವರಾಂಡ ಇತ್ತು.

ನಾನು ಗೇ. ಕಾಲೇಜು ತಂಡಕ್ಕೆ ಹಾಕಿ ಆಡುತ್ತಿದ್ದೆ. ನನ್ನನ್ನು ಯಾರೂ ಬೈಯಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ. ಡ್ರೆಸ್ಸಿಂಗ್ ರೂಮ್‌ನಲ್ಲಿ ಬೇರೆಯವರ ಬಗ್ಗೆ ನಗುವಾಗ ನಾನೂ ನಗುತ್ತಿದ್ದೆ. ಪ್ಯಾಡ್ ಕಟ್ಟಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿಕೊಂಡು ನಗುತ್ತಿದ್ದೆ. ಎರಡನೇ ವರ್ಷಕ್ಕೆ ಸಾಕಾಯಿತು, ಬಿಟ್ಟೆ. ಮಂಡಿ ನೋವು ಎಂದೆ.

ಎಡಗೈ ಸ್ಪಿನ್ ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಆ ಏಳು ಜನ ಫೊಲಾವ್ ಅಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಕೇಳದೆ ಜರ್ಸಿ ಮಾಡಿಸಿದ್ದು ತಪ್ಪು ಎಂದು ನಾನೂ ಹೇಳುತ್ತೇನೆ. ಆದರೆ ಅವರು ಬೇಡ ಎಂದದ್ದು ನೋಯಿಸುವುದಿಲ್ಲವಾ ಎಂದರೆ, ನೋಯಿಸುತ್ತದೆ. ಇಯಾನ್ ರಾಬರ್ಟ್ಸ್ ಇದೇ ಮ್ಯಾನ್ಲಿಗೆ ಆಡಿದವರು, ಆಸ್ಟ್ರೇಲಿಯಾಗೂ ಆಡಿದವರು. 1995ರಲ್ಲಿ ನಾನು ಗೇ ಎಂದು ಹೇಳಿಕೊಂಡರು. 2022ರ ಆ ವಾರದ ತನಕ, 27 ವರ್ಷ, ಆ ಲೀಗ್‌ನಲ್ಲಿ ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡ ಎರಡನೆಯ ಗಂಡಸು ಬರಲಿಲ್ಲ. ಅಷ್ಟು ಸಾವಿರ ಆಟಗಾರರಲ್ಲಿ ಇನ್ನೊಬ್ಬನೂ ಇರಲಿಲ್ಲ ಎಂದು ನಂಬುತ್ತೀರಾ? ಇದ್ದರು. ಪ್ಯಾಡ್ ಕಟ್ಟಿಕೊಳ್ಳುತ್ತಾ ತಲೆ ತಗ್ಗಿಸಿದ್ದರು. ಜರ್ಸಿ ಬೇಕಿದ್ದದ್ದು ಅವರಿಗೆ. ಅವರಲ್ಲಿ ಕೆಲವರು ಪೆಸಿಫಿಕ್ ಮನೆಗಳ ಹುಡುಗರೇ ಇರಬಹುದು, ಅದೇ ಚರ್ಚ್‌ನಲ್ಲಿ ಹಾಡುವವರು. ನಂಬಿಕೆ ಒಂದು ಕಡೆ, ಸಲಿಂಗಿ ಇನ್ನೊಂದು ಕಡೆ ಎಂದು ನಾವು ಮಾತಾಡುತ್ತೇವೆ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡವನು ಯಾವ ಕಡೆ ನಿಲ್ಲಬೇಕು? ನಾನು ಇವತ್ತಿಗೂ ನಮ್ಮ ಕೊಡವರ ದೇವರು ಇಗ್ಗುತಪ್ಪನಿಗೆ ಹರಕೆ ಹೊರುವವನು.

ನಮ್ಮ ಕೊಡವ ಹಾಕಿ ಹಬ್ಬ ನೋಡಿದ್ದೀರಾ? 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಅಲ್ಲಿ ಒಕ್ಕ ಒಕ್ಕಕ್ಕೇ, ಅಂದರೆ ಮನೆತನ ಮನೆತನಕ್ಕೇ, ತಂಡ. ಅಜ್ಜನೂ ಆಡಬಹುದು, ಸೊಸೆಯೂ ಆಡಬಹುದು. ಜರ್ಸಿಯ ಮೇಲೆ ಮನೆತನದ ಹೆಸರು. ನಾನು ಹಾಕಿಗೆ ವಾಪಸ್ ಬಂದದ್ದು ಅಲ್ಲಿಂದಲೇ. ಮನೆಯಲ್ಲಿ ಹೇಳಿಕೊಂಡ ಮೇಲೆ ಎರಡು ವರ್ಷ ಅಪ್ಪ ಮಾತಾಡಿರಲಿಲ್ಲ. 2018ರಲ್ಲಿ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟ ದಿನವೂ ಮಾತಾಡಲಿಲ್ಲ. ಹಬ್ಬದ ತಂಡ ಕಟ್ಟುವಾಗ ಗೋಲಿಗೆ ಯಾರು ಎಂದು ದೊಡ್ಡಪ್ಪ ಕೇಳಿದರಂತೆ. ಅಪ್ಪ ನನ್ನ ಹೆಸರು ಹೇಳಿದರು. ಬೇರೆ ಏನೂ ಹೇಳಲಿಲ್ಲ. ಹಳೆಯ ಪ್ಯಾಡ್‌ಗಳನ್ನು ಅಟ್ಟದಿಂದ ಇಳಿಸಿ, ಬಿಸಿಲಿಗೆ ಹಾಕಿಟ್ಟಿದ್ದರು.

ಕುಡ್ಲದ_ಕಡಲು

ಓದಿದೆ. ಎರಡು ಸಲ ಓದಿದೆ. ನಾನು "ನನ್ನ ಮೈ ಮೇಲೆ ಇದನ್ನು ಹಾಕಬೇಡಿ ಎಂದರು ಅಷ್ಟೇ" ಎಂದು ಬರೆದಿದ್ದೆ. ಆ "ಅಷ್ಟೇ" ವಾಪಸ್ ತೆಗೆದುಕೊಳ್ಳುತ್ತೇನೆ. ಅವರಿಗೆ ಬೇಡ ಎನ್ನುವ ಹಕ್ಕು ಇತ್ತು ಎಂಬ ಮಾತಿಗೆ ಮಾತ್ರ ಈಗಲೂ ನಿಂತಿದ್ದೇನೆ.

ಕಾನೂನು_ಕಟ್ಟೆ

@ಸಿಡ್ನಿ_ಕನ್ನಡತಿ ಸಮಿತಿಗೆ ಹೋಗುವ ಮುಂಚೆ ಹನೀನ್ ಜ್ರೈಕಾ ಅವರ ವಿಷಯವನ್ನೂ ನೋಡಿ. ಆಸ್ಟ್ರೇಲಿಯನ್ ಫುಟ್‌ಬಾಲ್‌ನ ಮಹಿಳಾ ಲೀಗ್‌ನಲ್ಲಿ ಆಡಿದ ಮೊದಲ ಮುಸ್ಲಿಂ ಹೆಣ್ಣುಮಗಳು, ಸಿಡ್ನಿಯ ಜಯಂಟ್ಸ್ ತಂಡ. 2022ರ ಜನವರಿಯಲ್ಲಿ ಪ್ರೈಡ್ ಪಂದ್ಯಕ್ಕೆ, ಅಂದರೆ ಸಲಿಂಗಿ ಸಮುದಾಯದ ಬೆಂಬಲಕ್ಕೆ ಆಡುವ ಪಂದ್ಯಕ್ಕೆ, ಆ ಜರ್ಸಿ ತೊಡಲಾರೆ ಎಂದು ಹೇಳಿ ಆಡಲಿಲ್ಲ. ಕ್ಲಬ್ ಅವರ ಬೆಂಬಲಕ್ಕೆ ನಿಂತಿತು, ಪ್ರೈಡ್ ಪಂದ್ಯವನ್ನೂ ಬಿಡಲಿಲ್ಲ. ಆಮೇಲೆ ಅವರು ಮತ್ತೆ ತಂಡಕ್ಕೆ ಬಂದರು. ಇದು ಆದದ್ದು ಮ್ಯಾನ್ಲಿಗಿಂತ ಆರು ತಿಂಗಳು ಮೊದಲು, ಅದೇ ಊರಿನಲ್ಲಿ.

ಸಿಡ್ನಿ_ಕನ್ನಡತಿ

ಎಲ್ಲರಿಗೂ. ನಿನ್ನೆ ರಾತ್ರಿ ಸಮಿತಿ ಸೇರಿತ್ತು. ಮೊದಲು ಹೇಳಬೇಕಾದದ್ದು: ಮೇಷ್ಟ್ರ ಚಾಪೆಯ ಕಥೆಯನ್ನು ಹೆಸರು ಹೇಳದೆ ಅಲ್ಲಿ ಹೇಳಿದೆ. ಇಂಗ್ಲಿಷ್‌ನಲ್ಲಿ ಹೇಳುವಾಗ ನಡುವೆ ನನಗೇ ಗಂಟಲು ಕಟ್ಟಿತು.

ಸಭೆಗೆ ಮುಂಚೆ ಕೋಚ್ ಮತ್ತು ನಾನು ನಾಲ್ಕು ಸಂಜೆ ಹುಡುಗರ ಮನೆಗಳಿಗೆ ಹೋಗಿದ್ದೆವು. ಕಿತ್ತಳೆಯ ಗೆಳತಿ ನಮ್ಮ ಜೊತೆ ಬಂದರು, ಅವರಿಲ್ಲದಿದ್ದರೆ ಅರ್ಧ ಬಾಗಿಲು ತೆರೆಯುತ್ತಿರಲಿಲ್ಲ. ಒಂದು ಮನೆಯಲ್ಲಿ ಅಜ್ಜ ಪ್ರಾರ್ಥನೆ ಮಾಡಿಯೇ ಮಾತು ಶುರು ಮಾಡಿದರು. ನಾನೂ ಕಣ್ಣು ಮುಚ್ಚಿ ಕೂತೆ. ಆಮೇಲೆ ಅವರು ಕೇಳಿದ್ದು ಒಂದೇ: "ನಮ್ಮನ್ನು ಕೇಳಲು ಬಂದಿರೋ, ಹೇಳಲು ಬಂದಿರೋ?" ಕೇಳಲು ಎಂದೆವು. ಎರಡು ಗಂಟೆ ಮಾತಾಡಿದೆವು. ಅವರು ಒಪ್ಪಲಿಲ್ಲ. ಹೋಗುವಾಗ ಕೈತುಂಬ ತಾರೋ ಗೆಡ್ಡೆ ಕೊಟ್ಟು ಕಳಿಸಿದರು. ನಮ್ಮ ಕೆಸುವಿನ ಗೆಡ್ಡೆಯೇ ಅದು.

ಜರ್ಸಿ ಬೇಡ ಎಂದಾಯಿತು. ಕಾಮನಬಿಲ್ಲಿನ ಶೂ ಲೇಸ್ ಒಂದು ಡಬ್ಬದಲ್ಲಿ ಇಡುತ್ತೇವೆ, ಬೇಕಾದವರು ಕಟ್ಟಿಕೊಳ್ಳುತ್ತಾರೆ. ಯಾರು ಕಟ್ಟಿದರು, ಯಾರು ಬಿಟ್ಟರು ಎಂದು ಫೋಟೋ ತೆಗೆಯುವುದಿಲ್ಲ. ಬಾಯಿಯ ನಿಯಮ ಎಲ್ಲರ ಸಹಿಯೊಂದಿಗೆ ಗೋಡೆಗೆ ಬಂತು: ಮೈದಾನದಲ್ಲಾಗಲಿ, ಬಸ್ಸಿನಲ್ಲಾಗಲಿ ಆ ಪದ ಬಂದರೆ ಮುಂದಿನ ಪಂದ್ಯ ಇಲ್ಲ. ಇದಕ್ಕೆ ಮೊದಲು ಸಹಿ ಹಾಕಿದ್ದು ಆ ಪ್ರಾರ್ಥನೆಯ ಅಜ್ಜ. ಮಕ್ಕಳನ್ನು ಬೈಯುವುದು ನಮ್ಮ ಚರ್ಚ್ ಕಲಿಸಿಲ್ಲ ಎಂದರು.

ಗೋಲ್‌ಕೀಪರ್, ನೀವು ಕೇಳಿದ ಪ್ರಶ್ನೆಗೆ, ಎರಡನ್ನೂ ಎದೆಯಲ್ಲಿ ಇಟ್ಟುಕೊಂಡ ಹುಡುಗನ ಪ್ರಶ್ನೆಗೆ, ನಮ್ಮ ಹತ್ತಿರ ಉತ್ತರ ಇಲ್ಲ. ಕೋಚ್ ಮಾತ್ರ ತಮ್ಮ ಫೋನ್ ನಂಬರನ್ನು ಆ ನಿಯಮದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದರು.

ಅಜ್ಜನ ಮನೆಯವರು ಲೇಸ್ ಇಡುವ ಆ ಶನಿವಾರ ಮೊಮ್ಮಗನನ್ನು ಕಳಿಸುವುದಿಲ್ಲ ಎಂದಿದ್ದಾರೆ. ನಮ್ಮ ತಂಡದ ಅತಿ ವೇಗದ ಓಟಗಾರ ಅವನು. ಕೋಚ್ ಸರಿ ಎಂದರು. ಅದರ ಮುಂದಿನ ವಾರದ ಪಟ್ಟಿ ಇವತ್ತೇ ಅಂಟಿಸಿದ್ದಾರೆ. ಅವನ ಹೆಸರು ಇದೆ, ನಂಬರ್ 2, ಯಾವಾಗಲೂ ಇರುವ ಜಾಗದಲ್ಲೇ.